ಓದುಗರ ಪ್ರಶ್ನೆ: ಸಿಂಡಿಕೇಟ್ ತೀರ್ಮಾನಿಸುವುದು ಏನನ್ನು?

ಪ್ರಶ್ನೆ: ನನ್ನ ಮಗಳು 2021ರಲ್ಲಿ ಪದವಿಗೆ ಸೇರಿದಾಗ ನಾಲ್ಕು ವರ್ಷದ ಆನರ್ಸ್ ಎಂದರು. ಮಗ 2024ರಲ್ಲಿ ಸೇರುವ ಹೊತ್ತಿಗೆ ಅದು ಮತ್ತೆ ಮೂರು ವರ್ಷಕ್ಕೆ ಇಳಿದಿತ್ತು. ಇಂಥ ನಿರ್ಧಾರ ವಿಶ್ವವಿದ್ಯಾಲಯದ ಸಿಂಡಿಕೇಟಿನದೇ, ಕುಲಪತಿಗಳದೇ? ಸಿಂಡಿಕೇಟ್ ಸದಸ್ಯರಿಗೆ ಇರುವ ಕೆಲಸವಾದರೂ ಏನು?
— ಒಬ್ಬ ತಾಯಿ, ರಾಜಾಜಿನಗರ, ಬೆಂಗಳೂರು

ಉತ್ತರ: ನೀವು ಹೇಳಿದ ಎರಡೂ ಬದಲಾವಣೆಗಳು ಬಂದದ್ದು ವಿಧಾನಸೌಧದ ಕಡೆಯಿಂದ. 2021ರಲ್ಲಿ ಸರ್ಕಾರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದಿತು. 2024ರ ಮೇ ತಿಂಗಳಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ ಮೂರು ವರ್ಷದ ಪದವಿಗೆ ಮರಳಿತು. ಅಧ್ಯಯನ ಮಂಡಳಿಗಳೂ ವಿದ್ಯಾವಿಷಯಕ ಪರಿಷತ್ತೂ ಆ ಬಳಿಕ ಪಠ್ಯಕ್ರಮವನ್ನು ಹೊಂದಿಸಿಕೊಂಡವು. ಬೆಂಗಳೂರು ವಿಶ್ವವಿದ್ಯಾಲಯವನ್ನು ಮೂರಾಗಿ ಒಡೆದದ್ದು ಕೂಡ ಶಾಸನಸಭೆಯ ತಿದ್ದುಪಡಿಯಿಂದಲೇ ಹೊರತು ಸಿಂಡಿಕೇಟಿನ ನಿರ್ಣಯದಿಂದಲ್ಲ.

ಹಾಗೆಂದು ಸಿಂಡಿಕೇಟ್ ಹೆಸರಿಗಷ್ಟೇ ಇರುವ ಸಭೆಯಲ್ಲ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಪ್ರಕಾರ ಅದು ಪ್ರಧಾನ ಕಾರ್ಯಕಾರಿ ಮಂಡಳಿ: ಆಸ್ತಿ, ಆಯವ್ಯಯ, ನೇಮಕಾತಿ, ಕಾಲೇಜುಗಳ ಸಂಯೋಜನೆ ಇವೆಲ್ಲ ಅದರ ಮುಂದೆ ಬರಬೇಕು. ಅದು ರೂಪಿಸುವ ಪರಿನಿಯಮಗಳಿಗೆ ಕುಲಾಧಿಪತಿಗಳಾದ ರಾಜ್ಯಪಾಲರ ಅಂಕಿತ ಬೇಕು. ಬೆಂಗಳೂರು ವಿಶ್ವವಿದ್ಯಾಲಯದ ಆವರಣವಾದ ಜ್ಞಾನಭಾರತಿಯ ಉದಾಹರಣೆಯನ್ನೇ ನೋಡಿ. ಸಾವಿರ ಎಕರೆಗೂ ಮಿಗಿಲಾಗಿದ್ದ ಆ ಆವರಣದ ಭೂಮಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆಯಂಥ ಸಂಸ್ಥೆಗಳಿಗೂ ಜಾಗ ಸಿಕ್ಕಿದೆ, ಇನ್ನೂ ಕೇಳುವವರಿದ್ದಾರೆ. ಒಂದೊಂದು ತುಂಡು ಭೂಮಿ ಬಿಟ್ಟುಕೊಡುವಾಗಲೂ, ಐವತ್ತು ವರ್ಷಗಳ ಬಳಿಕ ಹೊಸ ವಿಭಾಗಕ್ಕೋ ವಿದ್ಯಾರ್ಥಿನಿಲಯಕ್ಕೋ ನೆಲ ಉಳಿದೀತೇ ಎಂದು ಕೇಳಬೇಕಾದವರು ಈ ಸದಸ್ಯರೇ. ಏಕೆಂದರೆ ಕುಲಪತಿಗಳ ಅವಧಿ ನಾಲ್ಕೇ ವರ್ಷ.

ತೊಡಕಿರುವುದು ಇಲ್ಲಿಯೇ. ಸಿಂಡಿಕೇಟಿನ ಅಧ್ಯಕ್ಷರು ಕುಲಪತಿಗಳೇ ಆದ್ದರಿಂದ ಪ್ರಶ್ನೆ ಎದುರಿಸಬೇಕಾದವರೇ ಸಭೆಯನ್ನೂ ನಡೆಸುತ್ತಾರೆ. ಸದಸ್ಯರಲ್ಲಿ ಹಲವರು ಸರ್ಕಾರದ ನಾಮನಿರ್ದೇಶಿತರು, ಮತ್ತೆ ಕೆಲವರು ಇಲಾಖೆಯ ಅಧಿಕಾರಿಗಳು. ತುರ್ತು ಎಂದು ಮೊದಲೇ ಕೈಗೊಂಡ ಕ್ರಮ ಘಟನೋತ್ತರ ಅನುಮೋದನೆಗೆ ಬಂದಾಗ, ದಪ್ಪ ಕಾರ್ಯಸೂಚಿಯ ಕೊನೆಯ ಪುಟದಲ್ಲಿರುವ ಅದಕ್ಕೆ ಹೆಬ್ಬೆಟ್ಟು ಒತ್ತುವುದು ಸುಲಭ. ಇದಕ್ಕೆ ವಿರುದ್ಧವಾದ ದೋಷವೂ ಉಂಟು: ಯಾವ ಗುತ್ತಿಗೆ ಯಾರಿಗೆ, ಯಾವ ಅಧ್ಯಾಪಕರ ವರ್ಗಾವಣೆ ಎಲ್ಲಿಗೆ ಎಂಬುದರಲ್ಲೇ ಮುಳುಗಿದ ಸದಸ್ಯರಿಗೆ ಭವಿಷ್ಯದ ಮಾತಾಡಲು ಬಿಡುವಿರುವುದಿಲ್ಲ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಅಪಾಯಕಾರಿ, ಯಾಕೆಂದರೆ ಅದು ಕ್ರಿಯಾಶೀಲತೆಯಂತೆ ಕಾಣುತ್ತದೆ.

ಪ್ರಶ್ನೆ: ಬನ್ನೇರುಘಟ್ಟ ರಸ್ತೆಯ ಐಐಎಂನ ಆಡಳಿತ ಮಂಡಳಿಗೆ ಹೆಚ್ಚು ಸ್ವಾತಂತ್ರ್ಯವಿದೆಯೇ?
— ಒಬ್ಬ ನಿವೃತ್ತ ಉಪನ್ಯಾಸಕ, ಜಯನಗರ

ಉತ್ತರ: ಹೌದು, ಆದರೆ ಮೊದಲಿನಷ್ಟಿಲ್ಲ. ಅಲ್ಲಿ ಮಂಡಳಿಯ ಅಧ್ಯಕ್ಷರೂ ನಿರ್ದೇಶಕರೂ ಬೇರೆ ಬೇರೆ ವ್ಯಕ್ತಿಗಳು. 2017ರ ಐಐಎಂ ಅಧಿನಿಯಮ ನಿರ್ದೇಶಕರನ್ನು ನೇಮಿಸುವ ಅಧಿಕಾರವನ್ನೂ ಮಂಡಳಿಗೇ ಕೊಟ್ಟಿತ್ತು. 2023ರ ತಿದ್ದುಪಡಿಯ ನಂತರ ಆ ನೇಮಕಕ್ಕೆ ಸಂಸ್ಥೆಯ ‘ಸಂದರ್ಶಕ’ (ವಿಸಿಟರ್) ಎಂಬ ಸ್ಥಾನದಲ್ಲಿರುವ ರಾಷ್ಟ್ರಪತಿಗಳ ಪೂರ್ವಾನುಮತಿ ಬೇಕಾಗಿದೆ.

ಮೊದಲ ಪ್ರಶ್ನೆ ಕೇಳಿದ ತಾಯಿಗೆ ಇನ್ನೊಂದು ಮಾತು. ಮಾಹಿತಿ ಹಕ್ಕು ಅಧಿನಿಯಮ, 2005ರ 4ನೇ ಕಲಮಿನ ಪ್ರಕಾರ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ಮಂಡಳಿಗಳ ವಿವರವನ್ನು, ಅವುಗಳ ನಡಾವಳಿ ಸಾರ್ವಜನಿಕರಿಗೆ ಲಭ್ಯವೇ ಎಂಬುದನ್ನು ತಾನಾಗಿಯೇ ಪ್ರಕಟಿಸಬೇಕು. ಸಿಂಡಿಕೇಟಿನ ನಡಾವಳಿ ಬೇಕಿದ್ದರೆ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ. ಮೂವತ್ತು ದಿನಗಳೊಳಗೆ ಅವರು ಉತ್ತರಿಸಬೇಕು.