ಬಾಸ್ಕ್ ವಲಸಿಗ ಮಹಿಳೆಯರ ಸಂಘಗಳು: ಓದುಗರಿಗೆ ಉತ್ತರ

ಧಾರವಾಡದ ಓದುಗರೊಬ್ಬರ ಪತ್ರ ನಮ್ಮ ಮುಂದಿದೆ. ಕಳೆದ ಸಂಚಿಕೆಯಲ್ಲಿ, ಸ್ಪೇನ್–ಫ್ರಾನ್ಸ್ ಗಡಿಯ ನಾಡಿನ ಜನರಾದ ಬಾಸ್ಕರ ವಲಸೆಯ ಲೇಖನದಲ್ಲಿ ಬಂದ ಕುರಿಗಾಹಿಗಳು, ಪೆಲೋಟಾ ಎಂಬ ಚೆಂಡಾಟದ ಆಟಗಾರರು, ಸಂಘದ ಅಧ್ಯಕ್ಷರು ಎಲ್ಲರೂ ಗಂಡಸರೇ ಆಗಿರುವುದನ್ನು ಗಮನಿಸಿದ ಅವರು ಮುಖ್ಯವಾಗಿ ಎರಡು ಪ್ರಶ್ನೆ ಕೇಳಿದ್ದಾರೆ. ಅಮೆರಿಕ ಖಂಡಗಳಿಗೆ ಹೋದ ಬಾಸ್ಕ್ ಮಹಿಳೆಯರು ತಮ್ಮದೇ ಸಂಘಗಳನ್ನು ಕಟ್ಟಿಕೊಂಡಿದ್ದರೇ? ಕಟ್ಟಿಕೊಂಡಿದ್ದರೆ, ಅವು ಗಂಡಸರ ಸಂಘದ ಅಡುಗೆ ವಿಭಾಗಕ್ಕಿಂತ ಹೆಚ್ಚಿನದೇನಾದರೂ ಆಗಿದ್ದವೇ?

ಮಾನ್ಯರೆ, ತಮ್ಮ ಎರಡನೆಯ ಪ್ರಶ್ನೆಯಲ್ಲಿರುವ ಕೊಂಕು ನಿರಾಧಾರವಾದುದಲ್ಲ. ಬ್ಯೂನಸ್ ಐರಿಸ್‌ನ ‘ಲೌರಾಕ್ ಬಾತ್’ 1877ರಲ್ಲಿ ಸ್ಥಾಪನೆಯಾಯಿತು. ಅಂಥ ಹಳೆಯ ಬಾಸ್ಕ್ ಕೇಂದ್ರಗಳನ್ನು ಕಟ್ಟಿದವರೂ ನಡೆಸಿದವರೂ ಗಂಡಸರು. ಹಲವು ಕೇಂದ್ರಗಳಲ್ಲಿ ಮಹಿಳೆಗೆ ಪ್ರವೇಶ ದೊರೆಯುತ್ತಿದ್ದುದು ಸದಸ್ಯನ ಹೆಂಡತಿ ಅಥವಾ ಮಗಳು ಎಂಬ ನೆಲೆಯಲ್ಲಿ ಮಾತ್ರ. ಮತದಾನದ ಹಕ್ಕು ಬಂದದ್ದು ಬಹಳ ತಡವಾಗಿ. ಹಬ್ಬದೂಟ, ಮಕ್ಕಳ ಕುಣಿತ, ವೇಷಭೂಷಣಗಳ ಹೊಲಿಗೆ ಅವರ ಪಾಲಿಗೆ ಬಂದವು. ಆದರೆ ಇದೇ ಪೂರ್ತಿ ಕಥೆಯೆಂದುಕೊಂಡರೆ ಎರಡು ಸಂಗತಿಗಳು ಕೈತಪ್ಪುತ್ತವೆ, ಮತ್ತು ಅವೆರಡೂ ಒಂದೇ ಬಗೆಯವಲ್ಲ.

ಮೊದಲನೆಯದು ರಾಜಕೀಯಕ್ಕೆ ಸೇರಿದ್ದು. ‘ಎಮಕುಮೆ ಅಬೆರ್ಟ್ಸಾಲೆ ಬಾಟ್ಸಾ’ ಎಂಬ ದೇಶಭಕ್ತ ಮಹಿಳೆಯರ ಸಂಘ 1922ರಲ್ಲಿ ಬಾಸ್ಕ್ ನಾಡಿನ ಬಿಲ್ಬಾವೊ ನಗರದಲ್ಲಿ, ಬಾಸ್ಕ್ ರಾಷ್ಟ್ರೀಯವಾದಿ ಪಕ್ಷದ ಆಸರೆಯಲ್ಲಿ, ಐರ್ಲೆಂಡಿನ ಮಹಿಳಾ ಸಂಘಟನೆಯಾದ ಕುಮನ್ ನ ಮಾನ್‌ನಿಂದ ಸ್ಫೂರ್ತಿ ಪಡೆದು ಹುಟ್ಟಿತು. ಮರುವರ್ಷ ಸ್ಪೇನಿನಲ್ಲಿ ಸೇನಾಧಿಕಾರಿ ಪ್ರಿಮೊ ದೆ ರಿವೇರಾನ ಸರ್ವಾಧಿಕಾರ ಬಂದೊಡನೆ ಬಾಗಿಲು ಮುಚ್ಚಿತು. 1931ರಲ್ಲಿ ಸ್ಪೇನ್ ಗಣರಾಜ್ಯವಾದ ಮೇಲೆ ಮತ್ತೆ ತಲೆಯೆತ್ತಿ, 1936ರಲ್ಲಿ ಅಂತರ್ಯುದ್ಧ ಆರಂಭವಾಗುವ ಹೊತ್ತಿಗೆ ಸುಮಾರು 28,000 ಸದಸ್ಯೆಯರ ಸಂಘಟನೆಯಾಯಿತು. ಇದರ ಭಾಷಣಗಾರ್ತಿಯರಾದ ಪೊಲಿಕ್ಸೆನೆ ತ್ರಾಬುದುವಾ ಮತ್ತು ಹಾಯ್ದೆ ಅಗಿರೆ 1933ರಲ್ಲಿ, ವೇದಿಕೆಯ ಮೇಲೆ ಆಡಿದ ಮಾತಿಗಾಗಿ, ಬಿಲ್ಬಾವೊದ ಲಾರಿನಾಗ ಸೆರೆಮನೆ ಸೇರಿದರು. ಊಟ ಬಡಿಸಿದ್ದಕ್ಕೆ ಯಾರನ್ನೂ ಸೆರೆಗೆ ತಳ್ಳುವುದಿಲ್ಲವಷ್ಟೆ.

1937ರ ಜೂನ್‌ನಲ್ಲಿ ಬಿಲ್ಬಾವೊ, ಗಣರಾಜ್ಯದ ವಿರುದ್ಧ ದಂಗೆಯೆದ್ದ ಜನರಲ್ ಫ್ರಾಂಕೋನ ಪಡೆಗಳ ವಶವಾಯಿತು. ಆಗ ಫ್ರಾನ್ಸಿಗೆ ಓಡಿದ ಸಾವಿರಾರು ಕುಟುಂಬಗಳಲ್ಲಿ ಹಲವು ಅಟ್ಲಾಂಟಿಕ್ ದಾಟಿದವು. 1939ರಿಂದ ವೆನೆಜುವೆಲಾ ಅವರನ್ನು ಬರಮಾಡಿಕೊಂಡಿತು. 1940ರಲ್ಲಿ ಅರ್ಜೆಂಟೀನಾದ ಅಧ್ಯಕ್ಷ ರಾಬರ್ಟೊ ಒರ್ಟಿಸ್ ಹೊರಡಿಸಿದ ಆದೇಶ ಬಾಸ್ಕ್ ನಿರಾಶ್ರಿತರಿಗೆ ಅಲ್ಲಿಯ ಬಾಗಿಲು ತೆರೆಯಿತು. ಕರಾಕಸ್ ಮತ್ತು ಬ್ಯೂನಸ್ ಐರಿಸ್‌ಗಳಲ್ಲಿ ಮಹಿಳಾ ಸಂಘ ಮತ್ತೆ ನಿಂತದ್ದು ಹೀಗೆ. ತಾಯ್ನಾಡಿನಲ್ಲಿ ಬಹಿರಂಗವಾಗಿ ಕೂಡುವುದೇ ಅಪರಾಧವಾಗಿದ್ದ ಕಾಲದಲ್ಲಿ ಇವರು ಕೈದಿಗಳ ಮತ್ತು ನಿರಾಶ್ರಿತರ ಕುಟುಂಬಗಳಿಗಾಗಿ ಚಂದಾ ಎತ್ತಿದರು, ಮಕ್ಕಳಿಗೆ ಭಾಷೆ ಕಲಿಸಿದರು, ನಾಟಕವಾಡಿದರು. ಆದರೂ ಇವರನ್ನು ಇಂದಿನ ಅರ್ಥದ ಸ್ತ್ರೀವಾದಿಗಳೆಂದು ಕೊಂಡಾಡುವುದಕ್ಕೆ ನಾನು ಒಪ್ಪಲಾರೆ. ತಾಯಿಯೇ ಧರ್ಮವನ್ನೂ ಭಾಷೆಯನ್ನೂ ಮುಂದಿನ ಪೀಳಿಗೆಗೆ ದಾಟಿಸುವವಳು, ಆದ್ದರಿಂದಲೇ ಅವಳು ರಾಷ್ಟ್ರದ ಕೆಲಸಕ್ಕೆ ಬರಬೇಕು ಎಂಬುದು ಆ ಸಂಘದ ಕ್ಯಾಥೊಲಿಕ್ ನಂಬಿಕೆ. ಆ ನಂಬಿಕೆಯೇ ಅವರನ್ನು ಬೀದಿಗೆ ತಂದಿತು, ಎಷ್ಟು ದೂರ ಹೋಗಬಹುದೆಂಬ ಗೆರೆಯನ್ನೂ ಎಳೆಯಿತು.

ಎರಡನೆಯ ಸಂಗತಿಗೆ ಸಂಘವೆಂಬ ಹೆಸರೇ ಇಲ್ಲ. ಅಮೆರಿಕದ ಐಡಹೊ, ನೆವಾಡಾ, ಕ್ಯಾಲಿಫೋರ್ನಿಯಾಗಳಲ್ಲಿ ಕುರಿ ಕಾಯಲು ಹೋದ ಒಂಟಿ ಗಂಡಸರಿಗೆ ಚಳಿಗಾಲದ ಆಸರೆಯಾಗಿದ್ದುದು ಬಾಸ್ಕ್ ಬೋರ್ಡಿಂಗ್ ಹೌಸ್‌ಗಳು. ಐಡಹೊದ ಬಾಯ್ಸಿ ನಗರದ ಗ್ರೋವ್ ಸ್ಟ್ರೀಟಿನಲ್ಲಿ, 1864ರಲ್ಲಿ ಕಟ್ಟಿದ ಒಂದು ಇಟ್ಟಿಗೆಯ ಮನೆ 1910ರಿಂದ ಅಂಥ ವಸತಿಯಾಗಿ ಹಲವು ದಶಕ ನಡೆಯಿತು. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಹೆಸರು ಗಂಡನದು, ದುಡಿಮೆ ಹೆಂಡತಿಯದು. ಬೆಳಕು ಹರಿಯುವ ಮೊದಲೇ ರೊಟ್ಟಿಯ ಹಿಟ್ಟು ನಾದುವುದು, ಉದ್ದನೆಯ ಮೇಜಿನ ಸುತ್ತ ಕೂತವರಿಗೆಲ್ಲ ಬಡಿಸುವುದು, ತಿಂಗಳುಗಟ್ಟಲೆ ಬೆಟ್ಟದಲ್ಲಿದ್ದು ಬಂದವರ ಬಟ್ಟೆ ಒಗೆಯುವುದು ಅಷ್ಟೇ ಅಲ್ಲ. ಇಂಗ್ಲಿಷ್ ಬಾರದ ಕುರಿಗಾಹಿಯ ಪರವಾಗಿ ವೈದ್ಯರ ಬಳಿ, ಬ್ಯಾಂಕಿನಲ್ಲಿ ಮಾತನಾಡುವುದು, ದೂರದ ರ‍್ಯಾಂಚ್‌ಗಳಿಂದ ಹೆರಿಗೆಗೆ ಬಂದ ಹೆಂಗಸರ ಬಾಣಂತನ ಮಾಡುವುದು ಸಹ ಆಕೆಯ ಪಾಲಿನದಾಗಿತ್ತು. ಮನೆಗೆಲಸಕ್ಕೆಂದು ಬಾಸ್ಕ್ ನಾಡಿನ ಬಿಸ್ಕಾಯಾ ಪ್ರಾಂತದಿಂದ ಕರೆಸಿಕೊಂಡ ಹುಡುಗಿಯರಲ್ಲಿ ಅನೇಕರು ಅಲ್ಲಿಯ ಬಾಡಿಗೆದಾರರನ್ನೇ ಮದುವೆಯಾಗಿ ಮುಂದೆ ತಾವೇ ಇಂಥ ಮನೆ ತೆರೆದರು. ಪರಸ್ಪರ ಸಹಾಯ ಸಂಘ ಮಾಡಬೇಕಾದ ಕೆಲಸದಲ್ಲಿ ದೊಡ್ಡ ಪಾಲು ಈ ಅಡುಗೆಮನೆಗಳಲ್ಲೇ ನಡೆದಿದೆ; ಹಾಗಾಗಿ ‘ಅಡುಗೆ ವಿಭಾಗ’ ಎಂದು ತಾವು ಹಗುರವಾಗಿ ಆಡಿದ ಮಾತನ್ನು ನಾನು ಅಷ್ಟು ಹಗುರವಾಗಿ ತೆಗೆದುಕೊಳ್ಳಲಾರೆ.

ಬಾಯ್ಸಿಯ ಮುಂದಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. 1940ರ ದಶಕದ ಕೊನೆಯಲ್ಲಿ ಹ್ವಾನಿತಾ ಉಬೆರುವಾಗಾ ಹೊರ್ಮೇಚೆಯಾ ಅಲ್ಲಿಯ ಬಾಸ್ಕ್ ಮಕ್ಕಳಿಗೆ ಜೋತಾ, ಪೊರ್ರುಸಾಲ್ದಾ ಕುಣಿತಗಳನ್ನು ಕಲಿಸತೊಡಗಿದರು. ಇಂಗ್ಲಿಷ್ ಆಡಿ ಬೆಳೆದ ಆ ಪೀಳಿಗೆಗೆ ತನ್ನ ಮೂಲದ ಬಗ್ಗೆ ನಾಚಿಕೆ ಬಿಡಿಸಿದ್ದು ಯಾವ ಅಧ್ಯಕ್ಷರ ಭಾಷಣಕ್ಕಿಂತ ಹೆಚ್ಚಾಗಿ ಈ ತರಗತಿಗಳು ಎಂದು ನನ್ನ ಎಣಿಕೆ. ಮೇಲೆ ಹೇಳಿದ ಇಟ್ಟಿಗೆ ಮನೆಯನ್ನು ಉಳಿಸಿಕೊಂಡು 1985ರಲ್ಲಿ ಬಾಸ್ಕ್ ವಸ್ತುಸಂಗ್ರಹಾಲಯಕ್ಕೆ ಅಡಿಪಾಯ ಹಾಕಿದವರು ಅಡೀಲಿಯಾ ಗಾರೊ ಸಿಂಪ್ಲಾಟ್.

ಇಂದು ಪ್ರತ್ಯೇಕ ಸಂಘ ಬೇಕೇ ಎಂದೂ ತಾವು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಕೇಂದ್ರಗಳಲ್ಲಿ ಈಗ ಮಹಿಳೆಯರು ಮತ ಹಾಕುತ್ತಾರೆ, ಪದಾಧಿಕಾರಿಗಳಾಗುತ್ತಾರೆ; ಉತ್ತರ ಅಮೆರಿಕದ ಬಾಸ್ಕ್ ಸಂಘಗಳ ಒಕ್ಕೂಟಕ್ಕೆ ವ್ಯಾಲೆರಿ ಅರೇಚಿಯಾ ಅಧ್ಯಕ್ಷೆಯಾಗಿದ್ದರು. ಹಾಗಾಗಿ ಹಳೆಯ ಕಾರಣ ಬಹುಮಟ್ಟಿಗೆ ಇಲ್ಲವಾಗಿದೆ. ಆದರೆ ಪ್ರತ್ಯೇಕ ಸಂಘ ಇಲ್ಲವಾದರೆ ಅದರ ಜೊತೆಗೆ ಹೆಂಗಸರದ್ದೇ ಆದ ಹಣಪೆಟ್ಟಿಗೆಯೂ ನಡಾವಳಿ ಪುಸ್ತಕವೂ ಇಲ್ಲವಾಗುತ್ತವೆ ಎಂಬುದನ್ನು ಮರೆಯಬಾರದು. ರಾಜಕೀಯ ಸಂಘದ ಬಗ್ಗೆ ನಾವು ಇಷ್ಟು ಖಚಿತವಾಗಿ ಬರೆಯಬಲ್ಲೆವು, ಏಕೆಂದರೆ ಅದು ಕಾಗದಪತ್ರ ಬಿಟ್ಟುಹೋಗಿದೆ. ಬೋರ್ಡಿಂಗ್ ಹೌಸ್‌ನ ಒಡತಿಯರು ನಡಾವಳಿ ಬರೆದಿಡಲಿಲ್ಲ; ಅವರ ವಿಚಾರವಾಗಿ ತಾವು ಮುಂದುವರಿದು ಓದಬಯಸಿದರೆ, ಬಾಯ್ಸಿಯ ಸಂಗ್ರಹಾಲಯದಲ್ಲಿರುವ ಮೌಖಿಕ ಇತಿಹಾಸದ ಧ್ವನಿಮುದ್ರಣಗಳಿಂದ ಆರಂಭಿಸುವುದು ಒಳ್ಳೆಯದು.

— ಸಂಪಾದಕ