ಎರಡು ಲೆನ್ಸ್‌ಗೆ ಒಂದೇ ಪೋಲರೈಸರ್ ಸಾಕು

ಫಿಲ್ಟರ್ ಕೂರುವ ಬಾಯಿಯ ವ್ಯಾಸ 58 ಮತ್ತು 67 ಮಿ.ಮೀ. ಇರುವ ಎರಡು ಲೆನ್ಸ್‌ಗಳಿಗೆ ಬೇರೆ ಬೇರೆ ಪೋಲರೈಸರ್ (ಪ್ರತಿಫಲನ ತಗ್ಗಿಸಿ ಆಕಾಶವನ್ನು ಕಡುನೀಲಿ ಮಾಡುವ ಫಿಲ್ಟರ್) ಬೇಕೇ, ಅಗ್ಗದ ಲೀನಿಯರ್ ಬಗೆಯದು ಆದೀತೇ ಎಂದು ಕೇಳಿದ್ದೀರಿ. 67ರದ್ದು ಒಂದೇ ಕೊಳ್ಳಿ, ಜೊತೆಗೆ ದೊಡ್ಡ ಫಿಲ್ಟರನ್ನು ಚಿಕ್ಕ ಲೆನ್ಸ್‌ಗೆ ಕೂರಿಸುವ 58–67 ಸ್ಟೆಪ್-ಅಪ್ ರಿಂಗ್. ಚಿಕ್ಕ ಲೆನ್ಸ್‌ಗೆ ಆಗ ಹುಡ್ (ಅಡ್ಡ ಬೆಳಕು ತಡೆಯುವ ಕೊಳವೆ) ಕೂರುವುದಿಲ್ಲ, ಅಷ್ಟೇ.

ನಿಮ್ಮದು ಡಿಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿಯಿರುವ ಕ್ಯಾಮೆರಾ. ಲೀನಿಯರ್ ಹಾಕಿದರೆ ಒಳಗಿನ ಅರೆಪಾರದರ್ಶಕ ಕನ್ನಡಿಯಿಂದಾಗಿ ಮೀಟರಿಂಗ್ (ಬೆಳಕಿನ ಅಳತೆ), ಆಟೋಫೋಕಸ್ ಎರಡೂ ತಪ್ಪಬಹುದು. ಈ ತೊಂದರೆಯಿಲ್ಲದ ಸರ್ಕ್ಯುಲರ್ ಬಗೆಯದನ್ನೇ ತೆಗೆದುಕೊಳ್ಳಿ. ಅಂಗಡಿಯಲ್ಲೇ ಪರೀಕ್ಷಿಸಿ: ಎಲ್‌ಸಿಡಿ ಲ್ಯಾಪ್‌ಟಾಪ್ ಪರದೆಯತ್ತ ಫಿಲ್ಟರ್‌ನ ಮುಂಭಾಗ ಹಿಡಿದು, ಲೆನ್ಸ್‌ಗೆ ಕೂರುವ ತಿರುಪಿನ ಕಡೆಯಿಂದ ನೋಡುತ್ತಾ ತಿರುಗಿಸಿದರೆ ಪರದೆ ಕಪ್ಪಾಗಬೇಕು. ಹಿಂದುಮುಂದಾಗಿ ಹಿಡಿದು ತಿರುಗಿಸಿದಾಗಲೂ ಅಷ್ಟೇ ಕಪ್ಪಾದರೆ ಅದು ಲೀನಿಯರ್.

ಫಿಲ್ಟರ್‌ನಿಂದ 1ರಿಂದ 2 ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು) ಬೆಳಕು ಹೋಗುತ್ತದೆ, ಐಎಸ್‌ಒ (ಕ್ಯಾಮೆರಾದ ಬೆಳಕಿನ ಸಂವೇದನೆ) ಏರಿಸಿಕೊಳ್ಳಿ. ಸೂರ್ಯನಿಗೆ 90 ಡಿಗ್ರಿಯಲ್ಲಿರುವ ಆಕಾಶದಲ್ಲೇ ಪರಿಣಾಮ ಹೆಚ್ಚು. ಅದಕ್ಕೇ ತೀರಾ ವೈಡ್ ಲೆನ್ಸ್‌ನಲ್ಲಿ ಆಕಾಶದ ಒಂದು ಭಾಗ ಮಾತ್ರ ಕಡುನೀಲಿಯಾಗಿ ಚಿತ್ರ ಕೆಡುತ್ತದೆ. ಯುವಿ ಫಿಲ್ಟರ್ ಮೇಲೆ ಮಾತ್ರ ಇದನ್ನು ಹಾಕಬೇಡಿ, ಚಿತ್ರದ ಮೂಲೆಗಳು ಕಪ್ಪಾಗಬಹುದು.