ಅಮೆರಿಕದಲ್ಲಿ ಮೇಲ್ಮನವಿ ಬಾಂಡ್‌ಗೆ ಮಿತಿ ಹಾಕಿದ್ದೇಕೆ?

ಅಲ್ಲಿ ಸಿವಿಲ್ ಕೇಸು ಸೋತವರು ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. ತಡೆಯಲು ಬಾಂಡ್, ಅಂದರೆ ಮೇಲ್ಮನವಿಯಲ್ಲೂ ಸೋತರೆ ಹಣ ಸಿಗುತ್ತದೆಂಬ ಖಾತರಿ, ಕೊಡಬೇಕು. ಟೆಕ್ಸಾಸ್‌ನಲ್ಲಿ ಹಿಂದೆ ಅದು ತೀರ್ಪಿನ ಪೂರ್ತಿ ಮೊತ್ತ, ಮೇಲೆ ಬಡ್ಡಿ, ಖರ್ಚು. 1985ರಲ್ಲಿ ಟೆಕ್ಸಾಕೊ ಕಂಪನಿಯು ಪೆನ್ಜಾಯಿಲ್ ಎಂಬ ಇನ್ನೊಂದು ಕಂಪನಿಗೆ 1,000 ಕೋಟಿ ಡಾಲರಿಗೂ ಹೆಚ್ಚು ಕೊಡಬೇಕೆಂದು ತೀರ್ಪಾಯಿತು. ಅಷ್ಟು ದೊಡ್ಡ ಬಾಂಡ್ ಹೊಂದಿಸಲು ಆ ತೈಲ ದೈತ್ಯನಿಂದಲೂ ಆಗಲಿಲ್ಲ. ಮೇಲ್ಮನವಿ ಮುಗಿಯುವ ಮೊದಲೇ, 1987ರ ಏಪ್ರಿಲ್‌ನಲ್ಲಿ, ದಿವಾಳಿ ರಕ್ಷಣೆ ಕೋರಿತು. ಕೊನೆಗೆ 300 ಕೋಟಿಗೆ ರಾಜಿ. ಮೇಲ್ಮನವಿಯ ಹಕ್ಕು ಹಣದ ಬಲಕ್ಕೆ ಸೋಲುವುದು ಅನ್ಯಾಯವೇ ಸರಿ.

2003ರ ಕಾನೂನಿನ ಪ್ರಕಾರ ಟೆಕ್ಸಾಸ್‌ನಲ್ಲಿ ಬಾಂಡ್‌ನ ಮಿತಿ: ಸೋತವರ ನಿವ್ವಳ ಆಸ್ತಿಯ ಅರ್ಧ ಅಥವಾ 2.5 ಕೋಟಿ ಡಾಲರ್, ಯಾವುದು ಕಡಿಮೆಯೋ ಅದು. ಮೇಲ್ಮನವಿ ನಡೆಯುವಾಗ ಸೋತವರು ಆಸ್ತಿ ಕರಗಿಸದಂತೆ ಕೋರ್ಟು ತಡೆಯಾಜ್ಞೆ ಕೊಡಬಹುದು. ಗೆದ್ದವರ ದೃಷ್ಟಿಯಿಂದ ಇದು ಬಹಳ ಮುಖ್ಯ.